ಗೊತ್ತಿಲ್ಲದ ಮುಖ

ನಮ್ಮ ನಿಧಿ ಗೆದ್ದುಬಿಟ್ಟಳು! ಅಷ್ಟು ಜನರ ಎದುರು ಮೈಕಿನ ಮುಂದೆ ನಿಂತು, ಶಾಲೆಯ ಇಂಗ್ಲಿಷ್ ಪದಗಳ ಪಂದ್ಯವನ್ನು ಗೆದ್ದುಬಿಟ್ಟಳು ನನ್ನ ಮೊಮ್ಮಗಳು. ಅವಳು ಗೆಲ್ಲುವಾಗ ಎದುರಿನ ಕುರ್ಚಿಯಲ್ಲಿ ಕೂತಿದ್ದವಳು ನಾನು. ಅವಳ ಅಪ್ಪ ಅಲ್ಲ, ಅಮ್ಮ ಅಲ್ಲ, ಇಂಗ್ಲಿಷ್ ಟೀಚರಾಗಿ ರಿಟೈರಾದ ನನ್ನ ಬೀಗಿತ್ತಿಯಂತೂ ಅಲ್ಲವೇ ಅಲ್ಲ. ನಾನು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಜಯಮ್ಮ. ಇದನ್ನು ಮೊದಲು ಹೇಳಿ ಮುಗಿಸದೆ ಮಿಕ್ಕಿದ್ದೇನನ್ನೂ ಬರೆಯಲು ನನ್ನಿಂದ ಆಗುವುದಿಲ್ಲ. ನಿಧಿ ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಆದರೂ ಆ ದಿನ ನೆನಪಾದರೆ ಒಲೆಯ ಮೇಲಿಟ್ಟ ಹಾಲಿನ ಹಾಗೆ ಒಳಗೆ ಏನೋ ಉಕ್ಕಿ ಬರುತ್ತದೆ, ಪಾತ್ರೆ ಇಳಿಸುವುದಕ್ಕೂ ಬಿಡುವುದಿಲ್ಲ.

ಆಗ ನಾವೆಲ್ಲ ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ಇದ್ದೆವು. ಅಳಿಯಂದಿರು ಮೊಂಬಾಸಾ ರಸ್ತೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮ್ಯಾನೇಜರು. ನನ್ನ ಮಗಳು ಹೇಮಾ ಎರಡನೇ ಬಸುರಿ. ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದರು. ಬಾಣಂತನ ತವರಿನವರ ಹಕ್ಕು ತಾನೇ, ಹಾಗಾಗಿ ನಾನು ಮೆಂತ್ಯ, ಓಮ, ಒಣಶುಂಠಿ ಎಲ್ಲ ಗಂಟು ಕಟ್ಟಿಕೊಂಡು ವಿಮಾನ ಹತ್ತಿದೆ. ಬಂದು ನೋಡಿದರೆ ಬೀಗಿತ್ತಿ ಆಗಲೇ ಬಂದು ಕೂತಿದ್ದರು. ವಿಮಲಾ ಅಂತ ಅವರ ಹೆಸರು. ತುಮಕೂರಿನಲ್ಲಿ ಎಷ್ಟೋ ವರ್ಷ ಹೈಸ್ಕೂಲಿಗೆ ಇಂಗ್ಲಿಷ್ ಹೇಳಿದವರು. ಬಿಳಿ ಕೂದಲನ್ನು ಗಂಟು ಹಾಕಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದು ಹುಬ್ಬು ಎತ್ತಿ ನೋಡಿದರೆಂದರೆ ಎದುರಿಗಿದ್ದವರಿಗೆ ತಾವೇನೋ ತಪ್ಪು ಮಾಡಿದ್ದೇವೆ ಅನ್ನಿಸಿಬಿಡುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡ ಊಟದ ಮೇಜು. ಅದರಾಚೆ ಕಂಬಿ ಹಾಕಿದ ಜಗಲಿ, ಜಗಲಿಯ ತುಂಬ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಮುಳ್ಳಿನ ಗಿಡಗಳ ಕುಂಡಗಳು, ಅದರಾಚೆ ಗೇಟು, ಗೇಟಿನಲ್ಲಿ ಕಾವಲಿನ ಅಸ್ಕಾರಿ. ಅಲ್ಲಿ ಜುಲೈ ಅಂದರೆ ಚಳಿಗಾಲ, ಆ ಚಳಿಗೆ ನಾನು ಸೀರೆಯ ಮೇಲೆ ಅಳಿಯಂದಿರ ಹಳೇ ಸ್ವೆಟರು ಹಾಕಿಕೊಂಡು ಅಡುಗೆಮನೆಯಲ್ಲೇ ಇರುತ್ತಿದ್ದೆ. ಬೀಗಿತ್ತಿ ಮೇಜಿನ ತಲೆಯ ಕಡೆಯ ಕುರ್ಚಿಯಲ್ಲಿ ಇರುತ್ತಿದ್ದರು.

ಒಂದೇ ಮನೆಯಲ್ಲಿ ಇಬ್ಬರು ಅಜ್ಜಿಯರು ಇದ್ದದ್ದರಿಂದ ನಿಧಿ ಗುರುತಿಗೆ ಹೆಸರು ಇಟ್ಟುಕೊಂಡಿದ್ದಳು. ಅವರು ಟೀಚರ್ ಅಜ್ಜಿ, ನಾನು ಚಪಾತಿ ಅಜ್ಜಿ. ಎಂಟು ವರ್ಷದ ಮಗು, ಪ್ರೀತಿಯಿಂದಲೇ ಕರೆಯುತ್ತಿತ್ತು. ನನಗೆ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಬಿಸಿ ಕಾವಲಿ ಮುಟ್ಟಿದ ಹಾಗಾಗುತ್ತಿತ್ತು. ಅವಳು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥ ಮಾಡಿಕೊಳ್ಳುತ್ತಿದ್ದಳು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೀಗಿತ್ತಿ ಅದಕ್ಕೆ ಇಂಗ್ಲಿಷಿನಲ್ಲೇ ಎದುರು ಹೇಳುವರು, ಇಬ್ಬರೂ ನಗುವರು. ನಾನು ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತು, ಏನಂತೆ, ಏನಂತೆ ಅಂತ ಹೇಮಾಳ ಕೋಣೆಯ ಕಡೆ ಕತ್ತು ಹಾಕಿ ಕೇಳಬೇಕು.

ಆ ಹೊತ್ತಿಗೇ ಶಾಲೆಯಲ್ಲಿ ಪದಗಳ ಪಂದ್ಯ ಬಂತು. ಟೀಚರು ಒಂದು ಪದ ಹೇಳುತ್ತಾರೆ, ಅದು ಬಹಳ ಇದ್ದರೆ ಏನನ್ನಬೇಕು ಅಂತ ಮಗು ಹೇಳಬೇಕು. ಇದೇನು ಮಹಾ, ಕೊನೆಗೆ ಒಂದು ‘ಸ್’ ಸೇರಿಸಿದರಾಯಿತಲ್ಲ ಅಂದುಕೊಂಡೆ, ಅಷ್ಟು ಇಂಗ್ಲಿಷು ನನಗೂ ಗೊತ್ತಿತ್ತು. ಆದರೆ ಇವು ಆ ಜಾತಿಯ ಪದಗಳಲ್ಲ. ಕ್ಯಾಕ್ಟಸ್ ಹೋಗಿ ಕ್ಯಾಕ್ಟೈ ಆಗುತ್ತದೆ, ಲಾರ್ವಾ ಹೋಗಿ ಲಾರ್ವೀ, ಬ್ಯಾಕ್ಟೀರಿಯಂ ಹೋಗಿ ಬ್ಯಾಕ್ಟೀರಿಯಾ, ಜೀನಸ್ ಹೋಗಿ ಜೆನೆರಾ ಆಗಿ ಗುರುತೇ ಸಿಗುವುದಿಲ್ಲ. ನಿಧಿ ಪೆನ್ಸಿಲು ಎಸೆದು ಅತ್ತಳು, ಯಾಕೆ ಹೀಗೆ ಅಂತ ಕೇಳಿದಳು. ಬೀಗಿತ್ತಿ ಅವಳನ್ನು ಹತ್ತಿರ ಕೂರಿಸಿಕೊಂಡು, ಆ ಸಲ ಕನ್ನಡದಲ್ಲೇ ಹೇಳಿದರು. ನನಗೂ ಕೇಳಲಿ ಅಂತಲೇ ಕನ್ನಡದಲ್ಲಿ ಹೇಳಿದರು ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

“ಇವೆಲ್ಲ ಲ್ಯಾಟಿನ್ ಅನ್ನೋ ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದಗಳು ಪುಟ್ಟಾ. ಸೊಸೆ ಬಂದ ಹಾಗೆ. ಬಂದು ಎಷ್ಟು ವರ್ಷ ಆದ್ರೂ ಕೆಲವಕ್ಕೆ ತವರುಮನೆ ಅಭ್ಯಾಸ ಬಿಡೋಕಾಗಲ್ಲ. ನಿಮ್ಮಮ್ಮ ಇವತ್ತಿಗೂ ಹುಳಿಗೆ ಬೆಲ್ಲ ಹಾಕ್ತಾಳಲ್ಲ, ಹಾಗೆ.”

ನಾನು ಅಡುಗೆಮನೆಯಿಂದಲೇ ಅಂದೆ:

“ಬೆಲ್ಲ ಹಾಕಿದ್ದಕ್ಕೇ ವಿಮಲಾ ಅವ್ರೇ, ನಿಮ್ಮ ಮಗ ಎರಡು ಸಲ ಬಡಿಸ್ಕೊಳ್ಳೋದು.”

“ಅವನಿಗೆ ಚಿಕ್ಕಂದಿನಿಂದ್ಲೂ ಅಷ್ಟೇ ಜಯಮ್ಮನೋರೇ, ತಟ್ಟೆಗೆ ಏನು ಬಿದ್ರೂ ತಿಂತಾನೆ.”

ಒಳಗಿನ ಕೋಣೆಯಿಂದ ಹೇಮಾ “ಅಮ್ಮಾ...” ಅಂತ ಎಳೆದಳು. ಅದು ಯಾವ ಅಮ್ಮನಿಗೆ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ, ನಾನು ಒಲೆಯ ಕಡೆ ತಿರುಗಿದೆ, ಅವರು ಪುಸ್ತಕದ ಕಡೆ.

ಅವತ್ತಿನಿಂದ ನಾನು ಸೊಪ್ಪು ಸೋಸುವ ಜಾಗ ಬದಲಾಯಿಸಿದೆ. ನ್ಗಾರಾ ಪೇಟೆಯ ನಮ್ಮ ದೇಶದವರ ಅಂಗಡಿಗಳಿಂದ ಅಳಿಯಂದಿರು ತರುವ ಕರಿಬೇವು, ಗೇಟಿನ ಬಳಿ ಮಾರಲು ಬರುವ ಹೆಂಗಸು ಕೊಡುವ ಸುಕುಮಾ ಸೊಪ್ಪು, ಎಲ್ಲವನ್ನೂ ಊಟದ ಮೇಜಿನ ಈ ತುದಿಗೆ ತಂದು ಹರಡಿಕೊಂಡು ಕೂರುತ್ತಿದ್ದೆ. ಆ ತುದಿಯಲ್ಲಿ ಪಾಠ. ಸುಕುಮಾ ಸೋಸುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಒಂದೊಂದೇ ಎಲೆಯ ನಾರು ತೆಗೆಯುತ್ತಿದ್ದೆ. ಪಾಠ ಕೇಳಬೇಕೆಂಬ ಆಸೆಯಿಂದಲ್ಲ, ಸತ್ಯವಾಗಿ ಹೇಳುತ್ತೇನೆ, ಬರೀ ಹೊಟ್ಟೆಕಿಚ್ಚಿನಿಂದ. ಮಗು ಅವರ ಭುಜಕ್ಕೆ ತಲೆ ಒರಗಿಸುತ್ತದೆಯೋ, ಅವರು ಕೆನ್ನೆ ಸವರುತ್ತಾರೋ ನೋಡಬೇಕಿತ್ತು. ನೋಡಿದರೆ ಹೊಟ್ಟೆ ಉರಿಯುತ್ತಿತ್ತು, ನೋಡದೆ ಇದ್ದರೆ ಇನ್ನೂ ಜಾಸ್ತಿ ಉರಿಯುತ್ತಿತ್ತು. ಹಾಗೆ ಕೂತಿದ್ದಾಗ ಕಿವಿಗೆ ಬಿದ್ದದ್ದು ಅದರಷ್ಟಕ್ಕೆ ಅದು ಒಳಗೆ ಹೋಗಿ ಕೂತುಬಿಟ್ಟಿತು. ಒಗ್ಗರಣೆ ಹಾಕುವಾಗ ಸಾಸಿವೆಯ ಜೊತೆ ಸಿಡಿಯುತ್ತಿತ್ತು: ಫಂಗಸ್, ಫಂಗೈ. ಬಟ್ಟೆ ಒಗೆದು ಹಿಂಡುವಾಗ ಹಿಂಡಿದಷ್ಟೂ ಬರುತ್ತಿತ್ತು: ಅಪೆಂಡಿಕ್ಸ್, ಅಪೆಂಡಿಸೀಸ್. ಜೀನಸ್ ಅಂದರೆ ತಿನ್ನುವುದೋ ಉಡುವುದೋ ನನಗೆ ಗೊತ್ತಿರಲಿಲ್ಲ. ಇದಕ್ಕೆ ಅದು ಅನ್ನುವುದು ಮಾತ್ರ ಗೊತ್ತಿತ್ತು.

ಹಾಗೆ ಕಲಿಯುವುದು ನನಗೆ ಹೊಸದೇನೂ ಅಲ್ಲ. ನಂಜನಗೂಡಿನ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಅಣ್ಣ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಬೇಕಿತ್ತು. ಅಪ್ಪ ಮಣೆಯ ಮೇಲೆ ಕೂತು ಬಾಯಿಪಾಠ ಒಪ್ಪಿಸಿಕೊಳ್ಳುವರು. ಒಪ್ಪಿಸಿದರೆ ಅಣ್ಣನಿಗೆ ಅವರ ಪಕ್ಕದಲ್ಲೇ ಎಲೆ. ನಾನು ಅಡುಗೆಮನೆಯಲ್ಲಿ ಒಲೆ ಊದುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನನ್ನನ್ನು ಶಾಲೆ ಬಿಡಿಸಿ ಆಗಿತ್ತು. ತಂಗಿ ತೊಟ್ಟಿಲಲ್ಲಿದ್ದಳು, ತೂಗುವವರು ಬೇಕಿತ್ತು. ಒಂದು ಸಂಜೆ ಅಣ್ಣ ಪದ್ಯದ ಮಧ್ಯೆ ತಡವರಿಸಿದ. ಸೌದೆ ಹಿಡಿದುಕೊಂಡೇ ನಾನು ಮುಂದಿನ ಸಾಲು ಹೇಳಿಬಿಟ್ಟೆ. ಅಪ್ಪ ನನಗೇನೂ ಅನ್ನಲಿಲ್ಲ. ಅಣ್ಣನ ಕಿವಿ ಹಿಂಡಿ “ಒಲೆ ಮುಂದೆ ಕೂತೋಳಿಗೆ ಬರುತ್ತೆ, ನಿನಗೆ ಬರಲ್ವಾ?” ಅಂದರು. ಅವತ್ತು ಅಣ್ಣನಿಗೆ ಎಲೆ ಹಾಕಲಿಲ್ಲ. ಅವನು ನನ್ನ ಜೊತೆ ಮಾತು ಬಿಟ್ಟ. ಅಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು:

“ಗೊತ್ತಿರ್ಲಿ ಕಣೇ, ಬೇಡ ಅನ್ನಲ್ಲ. ಮುಖದಲ್ಲಿ ಕಾಣಿಸ್ಬೇಡ ಅಷ್ಟೆ.”

ಅದನ್ನೂ ಕಲಿತೆ. ಅಪ್ಪನ ಎಲೆಗೆ ಬಡಿಸುತ್ತಾ ಬಡಿಸುತ್ತಾ, ಅಣ್ಣ ಎಲ್ಲಿ ತಪ್ಪುತ್ತಾನೆ ಅಂತ ಗೊತ್ತಿದ್ದರೂ ತುಪ್ಪದ ಗಿಂಡಿಯ ಬಾಯನ್ನೇ ನೋಡುತ್ತಾ, ಉಪ್ಪು ಹಾಕಿದ್ದೆನೋ ಇಲ್ಲವೋ ಅಂತ ಯೋಚಿಸುತ್ತಾ ನಿಂತರೆ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಗುತ್ತದೆ. ಮದುವೆಯಾಗಿ ಹೋದ ಮನೆಯಲ್ಲೂ ಅದೇ ಮುಖ ಇಟ್ಟುಕೊಂಡು ಬಾಳಿದೆ. ಅಣ್ಣನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಅವನು ಮುದುಕನಾದ ಮೇಲೂ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಜಗಲಿಯ ಕುಂಡಗಳಿಗೆ ನೀರು ಹಾಕುತ್ತಿದ್ದೆ. ಯಾರೂ ಇಲ್ಲ ಅಂದುಕೊಂಡು ಒಂದು ಕುಂಡಕ್ಕೆ “ಕ್ಯಾಕ್ಟಸ್” ಅಂದೆ, ಸಾಲಾಗಿದ್ದ ಮಿಕ್ಕವನ್ನು ನೋಡಿ “ಕ್ಯಾಕ್ಟೈ” ಅಂದೆ. ಬಾಯಲ್ಲಿ ಚೆನ್ನಾಗಿತ್ತು, ಇನ್ನೊಂದು ಸಲ ಅಂದೆ. ತಿರುಗಿದರೆ ಬಾಗಿಲಲ್ಲಿ ಬೀಗಿತ್ತಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ನಿಂತಿದ್ದಾರೆ. ಹುಬ್ಬು ಏರಿತ್ತು.

“ನೀರು ಜಾಸ್ತಿ ಹಾಕ್ಬೇಡಿ ಜಯಮ್ಮನೋರೇ, ಕೊಳೆತುಹೋಗ್ತವೆ.”

ಅಷ್ಟೇ ಹೇಳಿ ಒಳಗೆ ಹೋದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಇಡೀ ದಿನ ಯಾರ ಹತ್ತಿರ ಹೇಳಿ ನಗುತ್ತಾರೋ ಅಂತ ಕಾದೆ. ಯಾರ ಹತ್ತಿರವೂ ಹೇಳಲಿಲ್ಲ. ಅದೂ ಒಂದು ದೊಡ್ಡಸ್ತಿಕೆ ಅಂತ ಅದಕ್ಕೂ ಉರಿದುಕೊಂಡೆ.

ನಿಧಿ ಕೊನೆಯ ಸುತ್ತಿಗೆ ಬಂದಳು. ಶಾಲೆಯ ಹಾಲ್ ಚಿಕ್ಕದಂತೆ, ಒಂದು ಮಗುವಿನ ಜೊತೆ ಮನೆಯಿಂದ ಒಬ್ಬರೇ ಬರಬೇಕಂತೆ. ಹೇಮಾ ಏಳುವ ಹಾಗಿಲ್ಲ, ಅಳಿಯಂದಿರಿಗೆ ಕಾರ್ಖಾನೆಯಲ್ಲಿ ಆಡಿಟ್. ಹಾಗಾದರೆ ಯಾರು ಅಂತ ಯಾರೂ ಕೇಳಲೂ ಇಲ್ಲ. ಬೀಗಿತ್ತಿ ಬೂದುಬಣ್ಣದ ಮೈಸೂರು ಸಿಲ್ಕ್ ಸೀರೆ ತೆಗೆದು ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ಹರಡಿದರು. ನಾನು ಅದರ ಪಕ್ಕದಲ್ಲಿ ಓಡಾಡುವಾಗಲೆಲ್ಲ ಕೈಯಲ್ಲಿ ಎಣ್ಣೆಯ ಪಾತ್ರೆ ಇರಬಾರದೇ ಅನ್ನಿಸುತ್ತಿತ್ತು. ದೇವರು ದೊಡ್ಡವನು, ಇರಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ನಿಧಿಯ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದೆ. ಮಂಡಿಯ ಮಧ್ಯೆ ಕೂತಿದ್ದ ಮಗು ತಲೆ ಹಿಂದಕ್ಕೆ ಒರಗಿಸಿ, ನನ್ನ ಮುಖವನ್ನು ತಲೆಕೆಳಗಾಗಿ ನೋಡುತ್ತಾ ಅಂದಳು:

“ಅಜ್ಜಿ, ಯೂ ಕಮ್ ಟುಮಾರೊ.”

“ನಾನಾ? ಎಲ್ಲಿಗೆ ಕಂದಾ?”

“ಸ್ಕೂಲ್. ನಾಟ್ ಟೀಚರ್ ಅಜ್ಜಿ. ಯೂ.”

ಹಣಿಗೆ ಕೈಯಿಂದ ಜಾರಿತು. ಯಾಕೆ ಅಂತ ಕೇಳಿದೆ. ಅವಳು ಎದ್ದು ನಿಂತು ಬೀಗಿತ್ತಿಯ ಹಾಗೆ ಮುಖ ಮಾಡಿ ತೋರಿಸಿದಳು. ಕನ್ನಡಕ ಮೂಗಿನ ತುದಿಗೆ, ಒಂದು ಹುಬ್ಬು ಮೇಲಕ್ಕೆ, ತುಟಿ ಅಲ್ಲಾಡುತ್ತಾ ಅಲ್ಲಾಡುತ್ತಾ ಉತ್ತರ ಹೇಳುತ್ತಿರುವ ಹಾಗೆ. “ಅವಳ್ನ ನೋಡಿದ್ರೆ ಐ ಫರ್ಗೆಟ್ ಎವೆರಿಥಿಂಗ್” ಅಂದಳು. ಆಮೇಲೆ ನನ್ನ ಎರಡೂ ಕೆನ್ನೆ ಹಿಡಿದು, ಬೇಕು ಬೇಕಂತಲೇ ಕನ್ನಡದಲ್ಲಿ ಹೇಳಿದಳು:

“ನಿಂಗೆ ಏನೂ ಗೊತ್ತಿಲ್ಲ ಅಲ್ವಾ ಅಜ್ಜಿ. ಅದಕ್ಕೇ ನೀನು ಬೇಕು.”

ಈ ಮಾತಿಗೆ ಯಾರಾದರೂ ಸಂತೋಷಪಡುತ್ತಾರಾ? ನಾನು ಪಟ್ಟೆ. ನಾಲಿಗೆ ತುದಿಗೆ ಬಂದಿತ್ತು, ಗೊತ್ತು ಕಣೇ ಬಂಗಾರಿ, ಕ್ಯಾಕ್ಟೈ ಗೊತ್ತು, ಜೆನೆರಾ ಗೊತ್ತು, ಎಲ್ಲಾ ಗೊತ್ತು ಅಂತ. ಹೇಳಿದ್ದರೆ ಆ ಎರಡು ಪುಟ್ಟ ಕೈ ಅಲ್ಲೇ ನನ್ನ ಕೆನ್ನೆ ಬಿಡುತ್ತಿದ್ದವು. “ನಂಗೇನು ಗೊತ್ತಾಗುತ್ತೆ ತಾಯಿ” ಅಂದೆ. ಜಡೆಗೆ ರಿಬ್ಬನ್ನು ಕಟ್ಟಿದೆ.

ಬೀಗಿತ್ತಿಗೆ ಹೇಳುವ ಕೆಲಸ ಅಳಿಯಂದಿರಿಗೆ ಬಿತ್ತು. ಸಂಜೆ ಅವರು ಗಂಟಲು ಸರಿಮಾಡಿಕೊಂಡು, “ಅಮ್ಮಾ, ನಿಧಿ ಅತ್ತೇನ ಕರ್ಕೊಂಡು ಹೋಗ್ತಾಳಂತೆ” ಅಂದರು. ಯಾಕೆಂದು ಹೇಳಲಿಲ್ಲ. ಬೀಗಿತ್ತಿ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಎದ್ದು ಸಿಲ್ಕ್ ಸೀರೆಯನ್ನು ಇಸ್ತ್ರಿಯ ಮಡಿಕೆಗೆ ಸರಿಯಾಗಿ ಮಡಚಿದರು.

“ಒಳ್ಳೇದೇ ಆಯ್ತು. ನಂಗೂ ಮಂಡಿ ನೋವು. ಆದ್ರೆ ಜಯಮ್ಮನೋರೇ, ಚಪ್ಪಾಳೆ ಯಾವಾಗ ತಟ್ಬೇಕು ಅಂತ ನಿಮಗೆ ಗೊತ್ತಾಗುತ್ತಾ?”

“ಪಕ್ಕದೋರು ತಟ್ಟಿದಾಗ ತಟ್ತೀನಿ ಬಿಡಿ.”

“ಪಕ್ಕದೋರ ಮಗು ಗೆದ್ದಾಗ ತಟ್ಟಿಬಿಟ್ಟೀರಿ, ನೋಡ್ಕೊಳ್ಳಿ.”

“ನಾಳೆ ಅಡುಗೆಗೆ ನಾನಿರಲ್ಲ” ಅಂದೆ ನಾನು, ತುಂಬ ವಿನಯದಿಂದ. “ನಿಮಗೆ ತೊಂದರೆ.”

“ನಂಗೂ ಒಂದು ಹುಳಿ ಅನ್ನ ಮಾಡೋಕೆ ಬರುತ್ತೆ” ಅಂದರು ಅವರು.

ಮಾರನೇ ದಿನ ನಾನು ಮಗಳ ಮದುವೆಯ ಕೆಂಪು ರೇಷ್ಮೆ ಸೀರೆ ಉಟ್ಟು, ಮೇಲೆ ಅದೇ ಸ್ವೆಟರು ತೊಟ್ಟು, ಕಾರಿನಲ್ಲಿ ನಿಧಿಯ ಕೈ ಹಿಡಿದು ಕೂತೆ. ಮಟಾಟು ಅನ್ನುವ ಬಾಡಿಗೆ ವ್ಯಾನುಗಳು ಹಾಡು ಹಾಕಿಕೊಂಡು ಅಕ್ಕಪಕ್ಕ ನುಗ್ಗುತ್ತಿದ್ದವು. ಹಾಲ್ ಅಂತೂ ಚಿಕ್ಕದೇ. ಕೋಟು ಹಾಕಿದ ಅಪ್ಪಂದಿರು, ಮೊನಚು ಚಪ್ಪಲಿಯ ಅಮ್ಮಂದಿರು, ದೊಡ್ಡ ತಲೆವಸ್ತ್ರ ಸುತ್ತಿದ ಒಬ್ಬ ಅಜ್ಜಿ. ಅವರು ನನ್ನ ಸೀರೆ ಮುಟ್ಟಿ ನೋಡಿ ಏನೋ ಚೆನ್ನಾಗಿದೆ ಅನ್ನುವ ಹಾಗೆ ಹೇಳಿದರು, ಅವರ ಭಾಷೆಯಲ್ಲಿ ನನಗೆ ಬರುವ ಒಂದೇ ಮಾತು “ಅಸಾಂಟೆ” ಅಂತ ಧನ್ಯವಾದ ಹೇಳಿದೆ. ನನಗೆ ಮೊದಲನೇ ಸಾಲಿನಲ್ಲೇ ಜಾಗ ಸಿಕ್ಕಿತು. ಮಕ್ಕಳು ಒಬ್ಬೊಬ್ಬರಾಗಿ ತಪ್ಪಿ ಕೆಳಗಿಳಿದರು. ಪ್ರತಿ ಪದಕ್ಕೂ ನಿಧಿ ನನ್ನನ್ನೇ ನೋಡುತ್ತಿದ್ದಳು. ಪ್ರತಿ ಪದಕ್ಕೂ ಉತ್ತರ ನನ್ನ ನಾಲಿಗೆಯ ಹಿಂದೆ ಬಂದು ನಿಲ್ಲುತ್ತಿತ್ತು. ನಾನು ಹೆಡ್‌ಮಾಸ್ಟರ ಕೋಟಿನ ಗುಂಡಿಯನ್ನು ತುಪ್ಪದ ಗಿಂಡಿ ಮಾಡಿಕೊಂಡೆ. ಮನೆಯಲ್ಲಿ ಈಗ ಹುಳಿ ಕುದಿಯುತ್ತಿರಬೇಕು. ಬೇಳೆ ಬೆಂದಿರುತ್ತದಾ? ಹುಣಸೆಹಣ್ಣು ಎಷ್ಟು ಹಾಕಿದರೋ? ಬೆಲ್ಲವಂತೂ ಹಾಕಿರುವುದಿಲ್ಲ. ಮುಖ ಖಾಲಿಯಾಯಿತು.

ಕೊನೆಗೆ ವೇದಿಕೆಯ ಮೇಲೆ ಉಳಿದದ್ದು ಇಬ್ಬರೇ. ಆ ಹುಡುಗ ಒಂದು ತಪ್ಪಿದ. ಇನ್ನು ಇವಳು ಒಂದು ಸರಿ ಹೇಳಿದರೆ ಗೆದ್ದ ಹಾಗೆ. ಟೀಚರು “ವೈರಸ್” ಅಂದರು. ಅದು ತವರಿನ ಅಭ್ಯಾಸ ಬಿಟ್ಟು ಇಂಗ್ಲಿಷಿಗೆ ಒಗ್ಗಿಹೋದ ಪದ. ಉಳಿದವುಗಳ ಹಾಗೆ ‘ಐ’ ಅನ್ನಬಾರದು, ‘ವೈರಸಸ್’ ಅನ್ನಬೇಕು. ಮೇಜಿನ ಹತ್ತಿರ ನಿಧಿ ಪ್ರತಿ ಸಲವೂ ತಪ್ಪಿದ್ದು ಇದೊಂದನ್ನೇ, ಹುಬ್ಬು ಏರಿದ್ದೂ ಇದಕ್ಕೇ. ಮಗು ಬಾಯಿ ತೆರೆದು “ವೈ...” ಅಂದು ನಿಲ್ಲಿಸಿತು. ನನ್ನನ್ನು ನೋಡಿತು. ಒಲೆ ಊದುತ್ತಿದ್ದ ಹುಡುಗಿ ನನ್ನೊಳಗೆ ಸೌದೆ ಹಿಡಿದು ಎದ್ದು ನಿಂತಳು. ಹೇಳಿಬಿಡು, ತುಟಿಯಾದರೂ ಅಲ್ಲಾಡಿಸು ಅಂದಳು. ಹಲ್ಲು ಕಚ್ಚಿಕೊಂಡೆ. ಬೇಳೆ. ಹುಣಸೆ. ಉಪ್ಪು. ಇಂಗು. ನನ್ನ ಮುಖದಲ್ಲಿ ಓದುವುದಕ್ಕೆ ಏನೂ ಇಲ್ಲ ಅಂತ ನೋಡಿಕೊಂಡ ಮಗು ಕಣ್ಣು ಮುಚ್ಚಿ, ತನ್ನೊಳಗೇ ಹುಡುಕಿ, ಒಂದೇ ಉಸಿರಿಗೆ ಸರಿಯಾಗಿ ಹೇಳಿಬಿಟ್ಟಿತು.

ಚಪ್ಪಾಳೆಯನ್ನು ಎಲ್ಲರಿಗಿಂತ ಮೊದಲು ತಟ್ಟಿದವಳು ನಾನು. ಟೀಚರು ಸರಿ ಅನ್ನುವುದಕ್ಕೂ ಮುಂಚೆ! ತಲೆವಸ್ತ್ರದ ಅಜ್ಜಿ ಬೆರಗಾಗಿ ನನ್ನ ಕಡೆ ತಿರುಗಿದರು. ಅದೃಷ್ಟಕ್ಕೆ ನಿಧಿ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು.

ಮನೆಗೆ ಬಂದಾಗ ಗೇಟಿನ ಅಸ್ಕಾರಿಯಿಂದ ಹಿಡಿದು ಎಲ್ಲರಿಗೂ ಸುದ್ದಿ ಹೇಳಿದ್ದಾಯಿತು. ಹೇಮಾ ಹಾಸಿಗೆಯಲ್ಲೇ ಅತ್ತಳು. ಅಳಿಯಂದಿರು ವೆಸ್ಟ್‌ಲ್ಯಾಂಡ್ಸಿನಿಂದ ಮಿಠಾಯಿ ತಂದರು. ಅವತ್ತು ಒಂದು ರಾತ್ರಿ ಹೇಮಾ ದಿಂಬಿಗೆ ಒರಗಿ ಮೇಜಿನ ಹತ್ತಿರ ಕೂರಬಹುದು ಅಂತ ತೀರ್ಮಾನವಾಯಿತು. ನಾನು ರೂಢಿಯ ಹಾಗೆ ಸೌಟಿಗೆ ಕೈ ಹಾಕಿದೆ. ಹೆಣ್ಣು ಕೊಟ್ಟವಳು ನಾನು, ಆ ಮನೆಗೆ ಬಂದಾಗಿನಿಂದ ಎಲ್ಲರಿಗೂ ಬಡಿಸಿ ಆಮೇಲೆ ಅಡುಗೆಮನೆಯ ಕಟ್ಟೆಯ ಹತ್ತಿರ ಉಣ್ಣುವುದೇ ಅಭ್ಯಾಸ. ಬೀಗಿತ್ತಿ ಸೌಟು ಕಿತ್ತುಕೊಂಡರು.

“ಇವತ್ತು ನನ್ನ ಅಡುಗೆ, ನಾನೇ ಬಡಿಸ್ತೀನಿ. ನೀವು ಕೂತ್ಕೊಳ್ಳಿ. ಸಭೆಗೆ ಹೋಗಿ ಬಂದಿರೋರು.”

ಕೂತೆ, ನಿಧಿಯ ಪಕ್ಕದಲ್ಲಿ. ನಿಧಿ ಬಾಯಿ ತುಂಬ ತುಂಬಿಕೊಂಡು ಅಪ್ಪನಿಗೆ ಎಲ್ಲಾ ಹೇಳುತ್ತಿದ್ದಳು. “ಚಪಾತಿ ಅಜ್ಜಿ ವಾಸ್ ದಿ ಬೆಸ್ಟ್! ಶೀ ಡಿಡಿಂಟ್ ನೋ ಎನಿಥಿಂಗ್!” ಎಲ್ಲರೂ ನಕ್ಕರು, ನಾನೂ ನಕ್ಕೆ. ಬೀಗಿತ್ತಿ ನನ್ನ ತಟ್ಟೆಗೆ ಅನ್ನ ಹಾಕುತ್ತಾ, ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಹುಬ್ಬು ಏರಿತ್ತು.

“ಹೌದೌದು. ಅವರಿಗೆ ಏನೂ ಗೊತ್ತಿಲ್ಲ. ಪಾಪ, ಜಗಲಿ ಮೇಲಿನ ಗಿಡಗಳಿಗೆ ನೀರು ಹಾಕೋದು ಒಂದು ಬಿಟ್ಟು.”

ಹಾಗಾದರೆ ಅವತ್ತಿನ ಕ್ಯಾಕ್ಟೈ ಕೇಳಿಸಿತ್ತು. ಅವರು ಹುಳಿಯ ಪಾತ್ರೆ ತಂದರು. “ನಿಮಗೇನು ಬಿಡಿ, ಕಲಿಸಿದೋರು ಮನೇಲಿ ಬೇಳೆ ಬೇಯಿಸ್ಬೇಕು, ನೀವು ಮೊದಲನೇ ಸಾಲಲ್ಲಿ ಕೂತು ಬಂದ್ರಿ” ಅಂತ ಗೊಣಗಿದರು. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಅಣ್ಣನ ಬಾಯಿಪಾಠ ಕೇಳಿದಾಗಿನಿಂದ ನನ್ನ ಹೊಟ್ಟೆಯೊಳಗೆ ಇದ್ದ ದನಿ ಅದು. ನನ್ನ ಮೇಲೆ ಹೊಟ್ಟೆಕಿಚ್ಚು! ಅಷ್ಟು ಓದಿದ ಹೆಂಗಸಿಗೆ, ನನ್ನ ಮೇಲೆ! ಯಾರೋ ಹಾರ ಹಾಕಿದ ಹಾಗಾಯಿತು.

ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಬೆಲ್ಲ ಇತ್ತು. ನಾನು ಹಾಕುವಷ್ಟೇ, ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಹುಳಿಗಿಂತ ರುಚಿಯಾಗಿತ್ತು ಅಂತ ಬೇರೆ ಅನ್ನಿಸಿ, ತಣ್ಣಗಾಗಿದ್ದ ಹೊಟ್ಟೆ ಮತ್ತೆ ಸ್ವಲ್ಪ ಉರಿಯಿತು. ಎದುರಿಗೆ ಅಳಿಯಂದಿರು ಎರಡನೇ ಸಲ ತಟ್ಟೆ ಮುಂದಕ್ಕೆ ಮಾಡಿದರು. ಹೇಮಾ ಒಂದು ತುತ್ತಿಗೆ ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ಬೀಗಿತ್ತಿ ಸೌಟು ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು.

“ಏನು ಜಯಮ್ಮನೋರೇ, ಸುಮ್ನಾಗ್ಬಿಟ್ರಿ? ಹೇಗಿದೆ ಹುಳಿ?”

ನಾನು ಹಾಲ್‌ನಲ್ಲಿ ಇಟ್ಟುಕೊಂಡಿದ್ದ ಮುಖವನ್ನೇ ಮತ್ತೆ ಇಟ್ಟುಕೊಂಡೆ.

“ಗೊತ್ತಾಗ್ಲಿಲ್ಲ ವಿಮಲಾ ಅವ್ರೇ. ಇನ್ನೊಂದು ಸೌಟು ಹಾಕಿ, ನೋಡಿ ಹೇಳ್ತೀನಿ.”